ನಲವತ್ತನೆಯ ಸಹಿ

ನಲವತ್ತು ಸಹಿ ಬೇಕಿತ್ತು, ಮೂವತ್ತೊಂಬತ್ತು ಬಂದಿದ್ದವು. ತೈವೊನ ಗ್ರಹಚಾರ ಕೆಟ್ಟದ್ದು ಆ ಒಂದರಿಂದ.

ಅನ್ನೆಲಿನ್ ಬಡಾವಣೆಯಲ್ಲಿ ಸೋವಿಯತ್ ಕಾಲದ ಹನ್ನೊಂದು ಕಟ್ಟಡಗಳಿದ್ದವು. ಒಬ್ಬರ ಬಾಲ್ಕನಿಗೆ ಹಲಗೆ, ಇನ್ನೊಬ್ಬರದಕ್ಕೆ ತಗಡು, ಮತ್ತೊಬ್ಬರದಕ್ಕೆ ಹಳೆಯ ಬಸ್ಸಿನ ಕಿಟಕಿ. ಕಟ್ಟಡಗಳೆಲ್ಲ ಕಂಡಕಂಡವರ ಬಟ್ಟೆ ತೊಟ್ಟು ಫೋಟೋಕ್ಕೆ ನಿಂತವರಂತೆ ಕಾಣುತ್ತಿದ್ದವು. ಗೋಡೆಗಳಿಗೆ ಚಳಿ ತಡೆಯುವ ದಪ್ಪ ಹೊದಿಕೆ ಹಾಕಿ, ಹನ್ನೊಂದಕ್ಕೂ ಒಂದೇ ಬಣ್ಣ ಬಳಿದು, ಒಂದೇ ಥರದ ಗಾಜು ಕೂರಿಸಿಕೊಡುತ್ತೇವೆ ಎಂದು ನಗರಸಭೆ ಹೇಳಿತ್ತು. ಪ್ರತಿ ಕಟ್ಟಡದಲ್ಲೂ ಅರವತ್ತರಲ್ಲಿ ನಲವತ್ತು ಮನೆಯವರು ಒಪ್ಪಬೇಕು. ಹತ್ತು ಕಟ್ಟಡದವರು ಒಪ್ಪಿಯಾಗಿತ್ತು. ತೈವೊನ ಕಟ್ಟಡಕ್ಕೆ ಇವತ್ತು ಸಂಜೆ ಐದು ಗಂಟೆಯೇ ಗಡುವು.

ಲೈಬ್ರರಿಯಲ್ಲಿ ಕೆಲಸ ಮಾಡುವ ತೈವೊನಿಗೆ ಮೆಲ್ಲಗೆ ಮಾತಾಡಿಯೇ ಅಭ್ಯಾಸ. ಸಭೆಯಲ್ಲಿ ಅವನು ಕೆಮ್ಮಿದ್ದನ್ನೇ ಒಪ್ಪಿಗೆ ಎಂದು ಬರೆದುಕೊಂಡು ಸಂಘದ ಅಧ್ಯಕ್ಷನನ್ನಾಗಿ ಮಾಡಿದ್ದರು. ಅವನದು ಮೂಲೆಯ ಮನೆ. ಚಳಿಗಾಲದಲ್ಲಿ ಮಗಳ ಕೋಣೆಯ ಗೋಡೆಗೆ ಒಳಗಡೆಯೇ ಹಿಮ ಕಟ್ಟುತ್ತಿತ್ತು.

"ಈ ಸಲನೂ ಮಗು ಅಡಿಗೆಮನೇಲಿ ಒಲೆ ಪಕ್ಕ ಮಲಗೋದಾದ್ರೆ, ನೀವು ಫ್ರಿಜ್ ಪಕ್ಕ ಮಲಗಿ," ಎಂದು ಹೆಂಡತಿ ಮಾಯ್ರೆ ಬೆಳಿಗ್ಗೆಯೇ ಹೇಳಿ ಕೆಲಸಕ್ಕೆ ಹೋಗಿದ್ದಳು.

ಸಹಿ ಹಾಕದವರಲ್ಲಿ ಖಂಡಿತ ಆಗಲ್ಲ ಎನ್ನದೆ ಉಳಿದವಳು ಐದನೆಯ ಮಹಡಿಯ ಲೈಡಾ ಅಜ್ಜಿ ಒಬ್ಬಳೇ. ತೈವೊ ರಜೆ ಹಾಕಿ ಅವಳ ಬಾಗಿಲು ಬಡಿದ.

"ಎಲ್ಲಾ ಬಾಲ್ಕನಿ ಒಂದೇ ಥರ ಆಗ್ಬಿಟ್ರೆ ನನ್ನ ಬೆಕ್ಕು ಮನೆ ಹೇಗಪ್ಪಾ ಗುರುತು ಹಿಡಿಯತ್ತೆ?" ಎಂದಳು ಅಜ್ಜಿ.

"ಮೂಸಿ ನೋಡ್ಕೊಂಡು ಬರತ್ತೆ ಅಜ್ಜೀ."

"ನಿನಗ್ಯಾರು ಹೇಳಿದ್ರು? ಬೆಕ್ಕಾ?"

ತೈವೊ ಬೆಕ್ಕಿನ ಮುಖ ನೋಡಿದ. ಅಜ್ಜಿಗೆ ಕನಿಕರ ಬಂತು. "ಆಗ್ಲಿ, ಯೋಚನೆ ಮಾಡ್ತೀನಿ. ಅಷ್ಟ್ರಲ್ಲಿ ನೆಲಮಾಳಿಗೆಯಿಂದ ಆಲೂಗಡ್ಡೆ ಮೂಟೆ ತಂದುಕೊಡು."

ಲಿಫ್ಟ್ ಇರಲಿಲ್ಲ. ಮೂಟೆ ಮೇಲೆ ಬಂದಾಗ ತೈವೊನ ಮುಖ ಬೀಟ್‌ರೂಟ್ ಸೂಪಿನ ಬಣ್ಣಕ್ಕೆ ತಿರುಗಿತ್ತು. ಅಜ್ಜಿ ಇನ್ನೂ ಯೋಚಿಸುತ್ತಿದ್ದಳು. ನಲ್ಲಿ ಸೋರುತ್ತಿದ್ದರೆ ಅವಳಿಗೆ ಯೋಚನೆ ಓಡುವುದಿಲ್ಲವಂತೆ. ನಲ್ಲಿ ಸರಿಮಾಡಿದ. ಆಮೇಲೆ ಜಮಖಾನದ ಧೂಳು ಯೋಚನೆಗೆ ಅಡ್ಡ ಬಂತು.

ಅಂಗಳದ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಜಮಖಾನ ಹರವಿ ತೈವೊ ಬಡಿಯತೊಡಗಿದ. ಢಬ್, ಢಬ್! ಸದ್ದು ಕಟ್ಟಡದಿಂದ ಕಟ್ಟಡಕ್ಕೆ ಚೆಂಡಿನಂತೆ ಪುಟಿಯಿತು. ಕಿಟಕಿಗಳು ಒಂದೊಂದಾಗಿ ತೆರೆದವು. ನೆಲಮಹಡಿಯ ವೆಲ್ಲೊ ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿದ. ನಿವೃತ್ತನಾದ ಮೇಲೆ ಅವನಿಗೆ ಇದೇ ಉದ್ಯೋಗ.

"ಏನು ಅಧ್ಯಕ್ಷರೇ, ಮನೆಗೆಲಸಕ್ಕೆ ಸೇರ್ಕೊಂಡ್ರಾ?"

"ಲೈಡಾ ಅಜ್ಜಿ ಸಹಿ ಬಾಕಿ ಇದೆ," ಎಂದ ತೈವೊ, ಏದುಸಿರಿನಲ್ಲಿ. "ಆಲೂಗಡ್ಡೆ ಹೊತ್ತಾಯ್ತು. ನಲ್ಲಿನೂ ಆಯ್ತು. ಇದೊಂದೇ."

"ಒಂದು ಸಹಿಗೆ ಇಷ್ಟೆಲ್ಲಾ ಮಾಡ್ತೀರಾ?"

"ಏನ್ಮಾಡೋದು, ಬೇಕಲ್ಲ."

"ಅಲ್ವಾ ಮತ್ತೆ," ಎಂದು ವೆಲ್ಲೊ ಕಿಟಕಿಯನ್ನು ಮೆಲ್ಲಗೆ ಮುಚ್ಚಿಕೊಂಡ. ಉಳಿದ ಕಿಟಕಿಗಳೂ ಮುಚ್ಚಿಕೊಂಡವು. ಜನಕ್ಕೆ ತನ್ನ ಮೇಲೆ ಎಷ್ಟು ಗೌರವ ಎಂದುಕೊಂಡು ತೈವೊ ಇನ್ನೂ ಜೋರಾಗಿ ಬಡಿದ.

ಐದಕ್ಕೆ ಇಪ್ಪತ್ತೈದು ನಿಮಿಷ ಇರುವಾಗ ಅಜ್ಜಿಯ ಯೋಚನೆ ಮುಗಿಯಿತು. "ನಡಿ, ಹಾಕೇಬಿಡ್ತೀನಿ. ಬೆಕ್ಕಿಗೆ ನಾನೇ ತಿಳಿಸಿ ಹೇಳ್ತೀನಿ." ತೈವೊ ಅವಳನ್ನು ಮದುಮಗಳಂತೆ ಕೈಹಿಡಿದು ಕೆಳಗಿಳಿಸಿದ. ಹೆಬ್ಬಾಗಿಲ ಬಳಿ ಸಹಿಯ ಪಟ್ಟಿ ತೂಗುಹಾಕಿದ್ದ ಫಲಕದ ಮುಂದೆ ಕಟ್ಟಡದ ಅರ್ಧ ಜನ ಸೇರಿದ್ದರು. ಅಜ್ಜಿ ಕನ್ನಡಕ ಏರಿಸಿ, ಅಂದವಾಗಿ ಸಹಿ ಹಾಕಿದಳು.

"ನಲವತ್ತು!" ಎಂದು ತೈವೊ ಹುಟ್ಟಿದ ಮೇಲೆ ಮೊದಲ ಸಲ ಕೂಗಿದ.

"ಒಂದು," ಎಂದ ವೆಲ್ಲೊ.

ತೈವೊ ಪಟ್ಟಿ ನೋಡಿದ. ಉಳಿದ ಮೂವತ್ತೊಂಬತ್ತು ಸಹಿಗಳ ಮೇಲೂ ಗೆರೆ ಎಳೆದಿತ್ತು. ಪಕ್ಕದಲ್ಲಿ ಒಬ್ಬೊಬ್ಬರೂ ಬರೆದಿದ್ದರು: ಜಮಖಾನ ಎರಡು. ಬಾಗಿಲ ಕೀಲು. ಎಲೆಕೋಸು ಹೆಚ್ಚುವುದು. ಸೋಫಾ ಮೂರನೆಯ ಮಹಡಿಗೆ.

"ನಾವು ಪುಕ್ಕಟೆ ಸಹಿ ಹಾಕಿದ ದಡ್ಡರು ನೋಡಿ," ಎಂದಳು ಗುಂಪಿನಲ್ಲೊಬ್ಬಳು.

"ಇನ್ನು ಇಪ್ಪತ್ತೇ ನಿಮಿಷ ಇದೆ!" ತೈವೊನ ಧ್ವನಿ ಕೀರಲಾಯಿತು. "ನನ್ನ ಮಗಳು..."

"ಗಾಬರಿ ಯಾಕೆ?" ವೆಲ್ಲೊ ಅವನ ಬೆನ್ನು ಸವರಿದ. "ನಗರಸಭೆಗೆ ಫೋನ್ ಮಾಡಿ ಒಂದು ವಾರ ಗಡುವು ಕೇಳಿದೀವಿ, ಕೊಟ್ಟಿದ್ದಾರೆ. ಒಬ್ರೇ ಇಷ್ಟೂ ಕೆಲಸ ಇಪ್ಪತ್ತು ನಿಮಿಷದಲ್ಲಿ ಹೇಗೆ ಮಾಡ್ತೀರಾ? ನಾವೇನು ಕಟುಕರಾ?"

ತೈವೊ ಉಸಿರುಬಿಟ್ಟು ಪಟ್ಟಿಯ ಮೇಲ್ತುದಿಗೆ ಕಣ್ಣು ಹಾಯಿಸಿದ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ದಪ್ಪ ಗೆರೆ ಎಳೆದದ್ದು ಅವನದೇ ಮನೆಯ ನಂಬರಿನ ಮೇಲೆ. ಮನೆ ಇದ್ದದ್ದು ಅತ್ತೆ ಹೆಲ್ಗಿಯ ಹೆಸರಿನಲ್ಲಿ, ಸಹಿಯೂ ಅವಳದೇ.

"ಅತ್ತೇ, ನೀವೂನಾ?"

ಗುಂಪಿನ ಹಿಂದಿನಿಂದ ಹೆಲ್ಗಿ ಮುಂದೆ ಬಂದಳು. ಹೆಗಲ ಮೇಲೆ ಸುತ್ತಿದ ಜಮಖಾನವಿತ್ತು.

"ಬೇರೆಯವರ ಹಾಗೆ ನಾನು ಒಂದು ವಾರ ಕಾಯಲ್ಲ ಅಳಿಯಂದ್ರೇ," ಎಂದು ಅದನ್ನು ಅವನ ತೋಳಿಗೆ ಹೇರಿದಳು. "ನಾನು ಮನೇ ಜನ ಅಲ್ವಾ."