ಅಗಸಿ ಜಲಪಾತದ ಹತ್ತಿಳಿ ಬಸ್ಸು

ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿರುವ ಸೂಗಾಪುರ ಪಟ್ಟಣವನ್ನು ಕಳೆದ ಮಾರ್ಚಿನಲ್ಲಿ ಜಲತೀರ ನಗರವೆಂದು ಘೋಷಿಸಲಾಯಿತು. ಕೃಷ್ಣಾ ನದಿ ಹರಿಯುವುದು ಅಲ್ಲಿಂದ ಇಪ್ಪತ್ತೆರಡು ಕಿಲೋಮೀಟರ್ ಆಚೆ, ತಿಂಥಣಿಯ ಕಡೆ. ಆದರೆ ತೀರವು ನೀರಿನಿಂದ ಎಷ್ಟು ದೂರವಿರಬೇಕೆಂದು ಆದೇಶದಲ್ಲಿ ಎಲ್ಲಿಯೂ ನಮೂದಿಸಿರದ ಕಾರಣ ತಾಂತ್ರಿಕ ತೊಡಕೇನೂ ಉಂಟಾಗಲಿಲ್ಲ.

ಜಲತೀರ ನಗರವೆಂದ ಮೇಲೆ ಹತ್ತಿಳಿ ಬಸ್ಸು ಕಡ್ಡಾಯ. ಒಮ್ಮೆ ಟಿಕೆಟ್ ತೆಗೆದರೆ ದಿನವಿಡೀ ಬೇಕಾದಲ್ಲಿ ಇಳಿದು, ನೋಡಿ, ಮುಂದಿನ ಸುತ್ತಿಗೆ ಮತ್ತೆ ಹತ್ತಬಹುದು. ಜಲತೀರ ದರ್ಶನ ಪ್ರಾಧಿಕಾರದವರು ಹಳೆಯ ಬಸ್ಸೊಂದರ ಟಾಪು ಕೊಯ್ಯಿಸಿ, ನೀಲಿ ಬಣ್ಣ ಬಳಿಸಿ, ನಾಲ್ಕು ನಿಲ್ದಾಣ ಗೊತ್ತುಮಾಡಿದರು. ಮೊದಲನೆಯದು ನೀರಿನ ಟಾಕಿ, ಎರಡನೆಯದು ಕೆಟ್ಟ ಬೋರ್‌ವೆಲ್, ಮೂರನೆಯದು ಸೋಡಾ ಅಂಗಡಿ. ಇವುಗಳಲ್ಲಿ ನೀರು ಕಣ್ಣಿಗೆ ಕಾಣುತ್ತಿದ್ದುದು ಸೋಡಾ ಅಂಗಡಿಯಲ್ಲಿ ಮಾತ್ರ. ನಾಲ್ಕನೆಯದು ಊರಿನ ಹಳೇ ಬಾಗಿಲಾದ ಅಗಸಿ.

ಓಣಿ ಓಣಿಗೆ ನೀರು ಬಿಡುವ ವಾಲ್ವ್‌ಮನ್ ಅಂಬ್ರಪ್ಪನಿಗೆ ಈ ಅಗಸಿ ವಾಸಿಯಾಗದ ಹುಣ್ಣಾಗಿತ್ತು. ಹತ್ತೊಂಬತ್ತು ತಿಂಗಳ ಹಿಂದೆ ಅಲ್ಲಿ ದೊಡ್ಡ ಪೈಪು ಒಡೆದು, ಅಂದಿನಿಂದ ನೀರು ಮುಗಿಲಿಗೆ ಚಿಮ್ಮಿ ಗಟಾರ ಸೇರುತ್ತಿತ್ತು. ಅವನ ಸ್ವಂತ ಮನೆಯಿದ್ದ ಮ್ಯಾಲಿನ ಓಣಿಗೆ ಹನಿ ನೀರೂ ಏರುತ್ತಿರಲಿಲ್ಲ.

"ಊರಿಗೆಲ್ಲಾ ನೀರು ಬಿಡ್ತೀರಿ, ನಮ್ಮ ಮನಿ ಎಲ್ಲದ ಅಂತ ಮರ್ತೀರೇನು?" ಎಂದು ಹೆಂಡತಿ ದೇವಕಮ್ಮ ದಿನಾ ಬೆಳಿಗ್ಗೆ ಕೇಳುತ್ತಿದ್ದಳು.

ಅಂಬ್ರಪ್ಪ ಇಪ್ಪತ್ತೇಳು ಅರ್ಜಿ ಬರೆದ. ಕೊನೆಗೊಂದು ಸೋಮವಾರ ಪೈಪಿಗೆ ಹಾಕುವ ಕ್ಲ್ಯಾಂಪು ಮಂಜೂರಾಗಿ ಬಂತು. ಬಸ್ಸಿನ ಉದ್ಘಾಟನೆಯೂ ಅಂದೇ ಇತ್ತು.

ಅವನು ತಗ್ಗಿನಲ್ಲಿ ಕೂತು, ಮೈಯೆಲ್ಲ ತೊಯ್ದು, ಎರಡು ಬೋಲ್ಟು ಬಿಗಿದು ಮೂರನೆಯದಕ್ಕೆ ಪಾನಾ ಹಾಕುವಷ್ಟರಲ್ಲಿ ಬಸ್ಸು ಬಂದು ನಿಂತಿತು. ಎರಡು ತಾಸು ಬಿಸಿಲಲ್ಲಿ ಬೆಂದು ಬಂದ ಪ್ರವಾಸಿಗರು ನೀರು ಕಂಡು ಕೇಕೆ ಹಾಕಿದರು. ಪ್ರಾಧಿಕಾರದ ವಿಶೇಷಾಧಿಕಾರಿ ಜಗದೇವಪ್ಪನವರು ಮುಂದಿನ ಬಾಗಿಲಿನಿಂದ ಹಾರಿ ಇಳಿದರು.

"ಏ, ನಿಂದ್ರು! ಏನ್ ಮಾಡಾಕತ್ತಿ?"

"ಪೈಪ್ ದುರಸ್ತಿರಿ ಸಾಹೇಬ್ರ."

"ಯಾವ ಪೈಪು? ಇದು ಜಲಪಾತ. ನಕ್ಷೆದಾಗ ಅದ."

"ನಾನೇ ಹೂಳಿದ ಪೈಪ್ರಿ ಇದು."

"ಹಂಗಾದ್ರ ಜಲಪಾತದ ಮೂಲ ನಿನಗ ಗೊತ್ತದ ಅಂದಂಗಾತು. ಭಾಳ ಚಲೋ ಆತು. ನಾಳಿಂದ ನೀನೇ ಜಲಪಾತ ಪಾಲಕ."

ಕ್ಲ್ಯಾಂಪನ್ನು ನಿಸರ್ಗಕ್ಕೆ ಹಾನಿ ಮಾಡುವ ಆಯುಧವೆಂದು ಸ್ಥಳದಲ್ಲೇ ಜಪ್ತಿ ಮಾಡಲಾಯಿತು.

ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನೀರು ಹದಿನಾಲ್ಕು ಅಡಿಗಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಪಾಲಕನ ಕರ್ತವ್ಯ. ಅದಕ್ಕಾಗಿ ಊರಿನ ಉಳಿದ ವಾಲ್ವ್‌ಗಳನ್ನೆಲ್ಲ ಬಂದ್ ಮಾಡಬೇಕಾಗಿತ್ತು. ಮೊದಲ ದಿನ ಅಂಬ್ರಪ್ಪ ಒಂದೊಂದು ವಾಲ್ವನ್ನೂ ಅರ್ಧ ತಿರುಗಿಸಿ, ನಿಂತು, ಮತ್ತೆ ತಿರುಗಿಸಿದ. ಸಂಜೆ ಅವನಿಗೊಂದು ನೀಲಿ ಟೊಪ್ಪಿಗೆ, ಒಂದು ಸೀಟಿ ಕೊಟ್ಟರು. ಮರುದಿನ ಒಂದೇ ಸಲಕ್ಕೆ ತಿರುಗಿಸಿದ.

ಮೂರನೆಯ ದಿನ ದೇವಕಮ್ಮ ಮೂವತ್ತು ಹೆಂಗಸರನ್ನು ಕಟ್ಟಿಕೊಂಡು, ಖಾಲಿ ಕೊಡಗಳೊಂದಿಗೆ ಪ್ರಾಧಿಕಾರದ ಬಾಗಿಲಲ್ಲಿ ಕೂತಳು. ಜಗದೇವಪ್ಪನವರು ಕನ್ನಡಕ ಏರಿಸಿ ಒಂಬತ್ತನೆಯ ನಿಯಮ ಓದಿದರು: "ಜಲಪಾತದ ನೀರನ್ನು ಸ್ಥಳೀಯರು ಮುಟ್ಟತಕ್ಕದ್ದಲ್ಲ. ಪ್ರವಾಸಿಗರು ಪ್ರತಿ ಸುತ್ತಿಗೆ ಒಂದು ಸ್ಮರಣಿಕೆಯಷ್ಟು ಕೊಂಡೊಯ್ಯಬಹುದು."

"ಪ್ರವಾಸಿಗರು ಅಂದ್ರ ಯಾರ್ರಿ?" ದೇವಕಮ್ಮ ಕೇಳಿದಳು.

"ಬಸ್ಸಿನ ಟಿಕೆಟ್ ಇದ್ದವರು."

ಹತ್ತಿಳಿ ಬಸ್ಸಿನ ಕಂಡಕ್ಟರ್ ಪರಿಮಳಾ ಅಲ್ಲೇ ನಿಂತಿದ್ದಳು. "ಸ್ಮರಣಿಕಿ ಎಷ್ಟು ದೊಡ್ಡದಿರಬೇಕಂತ ಬರದಾರೇನ್ರಿ ಸಾಹೇಬ್ರ?"

ಜಗದೇವಪ್ಪನವರು ಹಾಳೆ ತಿರುವಿ ಹಿಂದೆಯೂ ನೋಡಿದರು. ಬರೆದಿರಲಿಲ್ಲ.

ಮರುದಿನದಿಂದ ಬಸ್ಸಿನಲ್ಲಿ ನಿಲ್ಲಲು ಜಾಗವಿಲ್ಲ. ಹೆಂಗಸರು ಟಾಕಿ, ಬೋರ್‌ವೆಲ್, ಸೋಡಾ ಅಂಗಡಿಗಳನ್ನು ಶ್ರದ್ಧೆಯಿಂದ ವೀಕ್ಷಿಸಿ, ಅಗಸಿಯಲ್ಲಿ ಕೊಡ ತುಂಬಿ ಮನೆಗೆ ಮುಟ್ಟಿಸಿ ಬಂದು, ಮುಂದಿನ ಸುತ್ತಿಗೆ ಹತ್ತುತ್ತಿದ್ದರು. ಅಂಬ್ರಪ್ಪ ಹೆಂಡತಿಯ ಮುಂದೆಯೂ ಸೀಟಿ ಊದಿದ.

"ಪ್ರವಾಸಿಗರು ಸಾಲಿನ್ಯಾಗ ಬರ್ರಿ!"

"ಪಾಲಕರ, ಇವತ್ತ ಮಧ್ಯಾಹ್ನ ರೊಟ್ಟಿ ಬೇಕೋ ಬ್ಯಾಡೋ?"

"ಬೇಕ್ರಿ," ಎಂದ ಅಂಬ್ರಪ್ಪ, ಸೀಟಿಯನ್ನು ಬಾಯಿಂದ ತೆಗೆದು. ಕೊಡವನ್ನು ತಾನೇ ಎತ್ತಿ ಅವಳ ತಲೆಯ ಮೇಲಿಟ್ಟ. ಹತ್ತೊಂಬತ್ತು ತಿಂಗಳಲ್ಲಿ ಅವನು ಮನೆಗೆ ಕಳಿಸಿದ ಮೊದಲ ಕೊಡ ಅದು. ಅವನಿಗೆ ಕಣ್ತುಂಬಿ ಬಂತು. ಜಲಪಾತದ ತುಂತುರೆಂದು ಒರೆಸಿಕೊಂಡ.

ಒಬ್ಬೊಬ್ಬ ಪ್ರವಾಸಿಯೂ ದಿನಕ್ಕೆ ನಾಲ್ಕು ಸಲ ಬರುವಷ್ಟು ಸೊಬಗು ಸೂಗಾಪುರದಲ್ಲಿದೆ ಎಂದು ಪ್ರಾಧಿಕಾರ ವರದಿ ಮಾಡಿತು. ಜಗದೇವಪ್ಪನವರಿಗೆ ಶಾಲು ಹೊದಿಸಲಾಯಿತು.

ಇದನ್ನು ಕಂಡು ಕುಂಬಾರ ಓಣಿಯವರು ಅರ್ಜಿ ಹಾಕಿದರು: "ನಮ್ಮ ಓಣಿಯ ಪೈಪು ನಲವತ್ತು ವರ್ಷದಿಂದ ಗಟ್ಟಿಮುಟ್ಟಾಗಿದ್ದು, ಇದರಿಂದ ನಮಗೆ ತೀವ್ರ ಅನ್ಯಾಯವಾಗಿರುತ್ತದೆ. ದಯಮಾಡಿ ಒಡೆಸಿಕೊಡಬೇಕು." ಅರ್ಜಿ ಒಂದೇ ದಿನದಲ್ಲಿ ಮಂಜೂರಾಗಿ, ಓಣಿ ಬಸ್ಸಿನ ಐದನೆಯ ನಿಲ್ದಾಣವಾಯಿತು.

ಹಲಗೆ ಬಾರಿಸುವವರನ್ನು ಮುಂದೆ ಮಾಡಿ, ಓಣಿಯ ವಾಲ್ವ್ ತೆರೆಸಿ, ಮಾಲೆ ಹಾಕಿದ ಹಾರೆಯನ್ನು ಅಂಬ್ರಪ್ಪನ ಕೈಗಿತ್ತರು. ಮೊದಲ ಏಟಿಗೆ ಪೈಪು ಬಗ್ಗಲಿಲ್ಲ. ಎಷ್ಟು ಒಳ್ಳೆಯ ಪೈಪು ಎಂದು ಅವನ ಜೀವ ಒಂದು ಗಳಿಗೆ ಚುರುಕ್ಕೆಂದಿತು. ಮೂರನೆಯ ಏಟಿಗೆ ನೀರು ಹದಿನಾರು ಅಡಿ ಏರಿತು. ಜನ ಚಪ್ಪಾಳೆ ತಟ್ಟಿದರು.

ಕುಂಬಾರ ಓಣಿಯ ಹೆಂಗಸರು ತಮ್ಮ ಹೊಸ್ತಿಲಿಂದ ಹತ್ತು ಹೆಜ್ಜೆಯಲ್ಲಿದ್ದ ಆ ನೀರನ್ನು ಮುಟ್ಟಲಿಲ್ಲ. ಕೊಡ ಎತ್ತಿಕೊಂಡು ಬಸ್ ನಿಲ್ದಾಣಕ್ಕೆ ನಡೆದು, ಟಿಕೆಟ್ ತೆಗೆದು, ಬಿಸಿಲಲ್ಲಿ ಊರೆಲ್ಲ ಸುತ್ತಿ, ತಮ್ಮ ಮನೆಯ ಮುಂದೆಯೇ ಇಳಿದರು. ಊರು ಭಾಳ ಚಂದ ಅದ ಎಂದು ಎಲ್ಲರೂ ಹೇಳಿದರು.