ನಡುವಿನ ಜೋಡಿ ಅದಲುಬದಲಾದದ್ದು

ತಿಪ್ಪಸಂದ್ರದಲ್ಲಿ ಮಿಕ್ಸಿ, ಟೀವಿ, ಪಂಪ್‌ಸೆಟ್ಟಿನ ಸ್ಟಾರ್ಟರು ಏನೇ ಕೆಟ್ಟರೂ ನನ್ನ ಅಂಗಡಿಗೇ ಬರುತ್ತದೆ. ಕೆಟ್ಟದ್ದನ್ನು ಸರಿಮಾಡುವವನಿಗೆ ಹೊಸದನ್ನು ಮಾಡುವುದು ಯಾವ ಮಹಾ ವಿದ್ಯೆ ಎಂದು ನಾನು ದೃಢವಾಗಿ ನಂಬಿದ್ದೆ. ಆ ನಂಬಿಕೆಗೆ ಯಾವ ಆಧಾರವೂ ಇರಲಿಲ್ಲ!

ಹೆಂಡತಿ ಸವಿತಾ ರೇಷ್ಮೆ ಸಾಕುತ್ತಾಳೆ. ಹುಳದ ಮನೆಯ ಶಾಖ, ತೇವ ಹೆಚ್ಚುಕಡಿಮೆಯಾದರೆ ಹುಳುಗಳು ಸೊಪ್ಪು ತಿನ್ನುವುದನ್ನೇ ಬಿಡುತ್ತವೆ. ಅದನ್ನು ಅಳೆದಿಟ್ಟುಕೊಂಡು ಯುಎಸ್‌ಬಿ ವೈರಿನ ಮೂಲಕ ಕಂಪ್ಯೂಟರಿಗೆ ಒಪ್ಪಿಸುವ ಯಂತ್ರವೊಂದನ್ನು ಮಾಡಿಕೊಡುತ್ತೇನೆಂದು ಘೋಷಿಸಿದೆ. ಪಾಪ, ಅವಳು ನಂಬಿದಳು. ಬೈರಾಪಟ್ಟಣದ ರೇಷ್ಮೆ ಸಾಕುವ ಹೆಂಗಸರನ್ನು ಭಾನುವಾರ ನೋಡಲು ಕರೆದೂಬಿಟ್ಟಳು.

"ಮಿಷಿನ್ ತೋರಿಸ್ತೀನಿ ಅಂತ ಮಾತು ಕೊಟ್ಟಿವ್ನಿ ಕಣ್ರೀ. ನನ್ ಮಾನ ತೆಗೀಬ್ಯಾಡಿ."

ಯುಎಸ್‌ಬಿ ಸಾಕೆಟ್ಟಿಗೆ ನಾಲ್ಕು ಲೋಹದ ಕಾಲು. ತುದಿಯ ಎರಡು ಕರೆಂಟಿಗೆ. ನಡುವಿನ ಎರಡು ಮಾತುಕತೆಗೆ, ಒಂದು ಪ್ಲಸ್, ಒಂದು ಮೈನಸ್. ಈ ನಡುವಿನ ಜೋಡಿಯ ತಾಮ್ರದ ಗೆರೆಗಳು ಯಂತ್ರದ ಸರ್ಕ್ಯೂಟ್ ಬೋರ್ಡಿನ ಮೇಲೆ ಪಕ್ಕಪಕ್ಕದಲ್ಲೇ ಸಾಗಬೇಕು, ಉದ್ದವೂ ಸಮನಾಗಿರಬೇಕು. ಮೂರು ದಿನ ಕೂತು ನಕ್ಷೆ ಎಳೆದೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ! ಆದರೆ ಯಂತ್ರದ ಮಿದುಳಾದ ಚಿಪ್‌ನ ಬಾಗಿಲಲ್ಲಿ ಪ್ಲಸ್, ಮೈನಸ್ ತಿರುಗುಮುರುಗಾಗಿದ್ದವು, ಎರಡೂ ಗೆರೆ ಒಂದನ್ನೊಂದು ದಾಟಿ ಹೋಗಬೇಕಿತ್ತು. ಅಷ್ಟು ಚಂದದ ಗೆರೆಗಳನ್ನು ಕೆಡಿಸಲು ಮನಸ್ಸು ಬರಲಿಲ್ಲ. ಜೋಡಿ ಅಂದಮೇಲೆ ಯಾರು ಯಾವ ಕಡೆಗಿದ್ದರೇನು ಎಂದು ಇದ್ದಂತೆಯೇ ನೇರವಾಗಿ ಸೇರಿಸಿಬಿಟ್ಟೆ. ಒಟ್ಟಿಗೇ ಇಪ್ಪತ್ತು ಬೋರ್ಡು ಮಾಡಿಸಿದೆ.

"ಮೊದ್ಲು ಒಂದ್ ಮಾಡ್ಸಿ ನೋಡ್ಬಾರ್ದಾ?" ಎಂದಳು ಸವಿತಾ.

"ಬಂದೋರೆಲ್ಲ ಒಂದೊಂದ್ ಕೇಳಿದ್ರೆ?"

ಶುಕ್ರವಾರ ಬೋರ್ಡು ಬಂದವು. ಒಂದನ್ನು ಕಂಪ್ಯೂಟರಿಗೆ ಚುಚ್ಚಿದೆ. 'ಈ ಸಾಧನದ ಗುರುತು ಸಿಗುತ್ತಿಲ್ಲ' ಎಂದಿತು ಕಂಪ್ಯೂಟರು. ವೈರು ಬದಲಿಸಿದೆ. ಕಂಪ್ಯೂಟರು ಬದಲಿಸಿದೆ. ಮನೆದೇವರಿಗೆ ಕೈಮುಗಿದೆ. ಯಾರಿಗೂ ಗುರುತು ಸಿಗಲಿಲ್ಲ!

ಮಿಕ್ಸಿ ಒಯ್ಯಲು ಬಂದ ಪಕ್ಕದ ಮನೆಯ ಪುಟ್ಟಸ್ವಾಮಣ್ಣನ ಎದುರು ಗೋಳು ತೋಡಿಕೊಂಡೆ. ಗೆರೆಗಳ ವಿಷಯವನ್ನೂ ಬಾಯಿಬಿಟ್ಟೆ.

"ಬೇಸಾಯಗಾರನ ಮಗ ಆಗಿ ಇಷ್ಟೂ ಗೊತ್ತಿಲ್ವೇನ್ಲಾ? ಎಡಕ್ಕೆ ಪಳಗಿರೋ ಎತ್ತನ್ನ ಬಲಕ್ಕೆ ಹೂಡಿದ್ರೆ ಗೇಯ್ತದೇನ್ಲಾ?"

ಜ್ಞಾನೋದಯವಾಯಿತು. ಗೆರೆ ಕತ್ತರಿಸಿ, ತಂತಿಯಿಂದ ದಾಟಿಸಿ ಜೋಡಿಸಿದ್ದರೆ ಮುಗಿಯುತ್ತಿತ್ತು. ಇಪ್ಪತ್ತು ಬೋರ್ಡಿಗೆ ಅದನ್ನು ಯಾರು ಮಾಡುತ್ತಾರೆ? ಯುಎಸ್‌ಬಿ ಸಾಕೆಟ್ಟನ್ನೇ ಬೋರ್ಡಿನ ಅಡಿಗೆ ತಿರುಗಿಸಿ ಕೂರಿಸಿದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬರುತ್ತದಲ್ಲ! ಇಂಥ ಉಪಾಯ ಬೇರೆ ಯಾರಿಗೂ ಹೊಳೆದಿರಲಾರದು ಎಂದು ಹಿಗ್ಗಿ, ಇಪ್ಪತ್ತಕ್ಕೂ ಹಾಗೇ ಸಾಲ್ಡರ್ ಮಾಡಿದೆ.

ಭಾನುವಾರ ಬೆಳಿಗ್ಗೆ ಆರು ಜನ ಹೆಂಗಸರ ಸಮ್ಮುಖದಲ್ಲಿ ಚುಚ್ಚಿದೆ.

ಪಟ್! ಹೊಗೆ!

ನಡುವಿನ ಜೋಡಿಯೇನೋ ಸರಿಹೋಗಿತ್ತು. ಅದರ ಜೊತೆಗೆ ತುದಿಯ ಎರಡು ಕಾಲೂ ಅದಲುಬದಲಾಗಿ, ಕರೆಂಟು ಉಲ್ಟಾ ನುಗ್ಗಿತ್ತು. ಸಂಶಯ ಪರಿಹಾರಕ್ಕೆಂದು ಎರಡನೆಯ ಬೋರ್ಡನ್ನೂ ಚುಚ್ಚಿದೆ. ಸಂಶಯ ಪರಿಹಾರವಾಯಿತು! ಮೂರನೆಯದಕ್ಕೆ ಕಂಪ್ಯೂಟರೂ ಕಣ್ಣು ಮುಚ್ಚಿತು.

ಸವಿತಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ನನಗೆ ಅಷ್ಟು ನಾಚಿಕೆಯಾಗಿತ್ತು. ಹುಳದ ಮನೆಯ ಗೋಡೆಯ ಮೇಲೆ ಅವಳ ಹಳೆಯ ಥರ್ಮಾಮೀಟರ್ ಜೋಡಿ ಇದೆ. ಒಂದು ಒಣಗಿರುತ್ತದೆ, ಇನ್ನೊಂದಕ್ಕೆ ಒದ್ದೆ ಬಟ್ಟೆ ಸುತ್ತಿರುತ್ತದೆ. ಎರಡನ್ನೂ ನೋಡಿ ತೇವ ಲೆಕ್ಕಹಾಕುವುದು. ಅವಳು ನನ್ನನ್ನು ಅದರ ಮುಂದೆ ನಿಲ್ಲಿಸಿ, ಕೈಗೆ ನೋಟ್‌ಬುಕ್ಕು, ಪೆನ್ಸಿಲ್ಲು ಕೊಟ್ಟಳು.

"ದಿನಕ್ಕೆ ನಾಕ್ ಸಲ ನೋಡಿ ಬರೀರಿ," ಎಂದು ಹೆಂಗಸರ ಕಡೆ ತಿರುಗಿದಳು. "ನಾನೇಳಿದ್ ಮಿಷಿನ್ ಇದೇ ಕಣಕ್ಕಾ!"

ಅವರಲ್ಲಿ ಹಿರಿಯಾಕೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಮ್ಮನೇಲೂ ಒಂದೈತೆ ಕಣವ್ವಾ. ಏನ್ ಮಾಡಿದ್ರೂ ಶುರುವೇ ಆಗಾಕಿಲ್ಲ."

ಎಲ್ಲರೂ ನಕ್ಕರು. ಸವಿತಾಳ ಮಾನ ಉಳಿಯಿತು. ನನ್ನದನ್ನೂ ಉಳಿಸಿಕೊಳ್ಳಬೇಕೆಂದು ಆ ದಿನವೆಲ್ಲ ಹೊತ್ತುಹೊತ್ತಿಗೆ ಸರಿಯಾಗಿ ಹೋಗಿ, ದುಂಡಗಿನ ಅಕ್ಷರದಲ್ಲಿ ಬರೆದೆ.

ಸಂಜೆ ಅವಳು ನೋಟ್‌ಬುಕ್ ತೆರೆದು ನೋಡಿದಳು. ಒಣದ್ದರ ಅಂಕಿಯನ್ನು ಒದ್ದೆಯದರ ಸಾಲಿನಲ್ಲೂ ಒದ್ದೆಯದರ ಅಂಕಿಯನ್ನು ಒಣದ್ದರ ಸಾಲಿನಲ್ಲೂ ಬರೆದಿದ್ದೆ!