ಹೈಬ್ರಿಡ್ ಗಾಡಿ ಗುಡ್ಡ ಹತ್ತಿದ ಬಗ್ಗೆ ಒಂದು ಷರಾ

ರಸ್ತೆಯಿಲ್ಲದ ಕಡೆ ಹೋಗಲೆಂದು ಕೊಂಡ ವಾಹನವನ್ನು, ಅದು ರಸ್ತೆಯಿಲ್ಲದ ಕಡೆ ಹೋಗಲು ಯೋಗ್ಯವೆಂದು ಸಾಬೀತಾಗುವ ತನಕ, ರಸ್ತೆಯಿಲ್ಲದ ಕಡೆ ಒಯ್ಯತಕ್ಕದ್ದಲ್ಲ. ದುರ್ಗಮ ಪ್ರದೇಶ ಆರೋಗ್ಯ ಇಲಾಖೆಯ ಈ ನಿಯಮದಲ್ಲಿ ಇದುವರೆಗೆ ಯಾರೂ ತಪ್ಪು ಹುಡುಕಿಲ್ಲ. ತಪ್ಪು ಹುಡುಕುವ ಕೆಲಸ ವಾಹನ ಪರೀಕ್ಷಾಧಿಕಾರಿಗಳದ್ದು, ನಿಯಮವನ್ನು ಬರೆದವರೂ ಅವರೇ.

ಆಫೀಸಿನಲ್ಲಿ ಅವರನ್ನು ಷರಾ ಸಾಹೇಬರೆಂದು ಕರೆಯುತ್ತಿದ್ದರು. ಕಣ್ಣಿಗೆ ಬಿದ್ದ ಯಾವ ಕಾಗದವನ್ನೂ ಅವರು ಷರಾ ಬರೆಯದೆ ಬಿಟ್ಟವರಲ್ಲ. ಕ್ಯಾಂಟೀನಿನ ಗೋಡೆಯ ಮೇಲಿದ್ದ ಬೆಲೆಪಟ್ಟಿಯ ಕೆಳಗೂ 'ಪರಿಶೀಲಿಸಲಾಗಿದೆ, ಉಪ್ಪು ಕಡಿಮೆ' ಎಂದು ಬರೆದು ಸಹಿ ಹಾಕಿದ್ದರು. ಕ್ಯಾಂಟೀನಿನವನು ಉಪ್ಪು ಹೆಚ್ಚಿಸಲಿಲ್ಲ, ಆ ಷರಾಕ್ಕೆ ಗಾಜು ಹಾಕಿಸಿದ.

ಹೊಸ ಗಾಡಿ ಬಿಳಿ ಬಣ್ಣದ ಹೈಬ್ರಿಡ್ ಎಸ್‌ಯುವಿ. ಅದರಲ್ಲಿ ಬ್ಯಾಟರಿಯೂ ಉಂಟು, ಪೆಟ್ರೋಲ್ ಎಂಜಿನ್ನೂ ಉಂಟು. ಯಾವಾಗ ಯಾವುದರಿಂದ ಓಡಬೇಕೆಂಬುದನ್ನು ಗಾಡಿಯೇ ತೀರ್ಮಾನಿಸುತ್ತದೆ. ಮೇಲಿನವರನ್ನು ಕೇಳದೆ ತಾನೇ ತೀರ್ಮಾನ ತೆಗೆದುಕೊಳ್ಳುವ ವಸ್ತು ಆ ಕಛೇರಿಯ ಗೇಟಿನೊಳಗೆ ಬಂದದ್ದು ಅದೇ ಮೊದಲು, ಹಾಗಾಗಿ ಎಲ್ಲರಿಗೂ ಅದರ ಮೇಲೆ ಸ್ವಲ್ಪ ಅನುಮಾನವಿತ್ತು.

ಗಾಡಿ ಹೋಗಬೇಕಾದ ಜಾಗ ಗುಡ್ಡದ ಮೇಲಿತ್ತು. ಟಾರು ರಸ್ತೆ ಕಲ್ಲುಗಣಿಯ ಹತ್ತಿರ ಮುಗಿಯುತ್ತದೆ. ಅಲ್ಲಿಂದಾಚೆ ಒಂದು ಹಳ್ಳ, ಹಳ್ಳ ದಾಟಿದರೆ ಉರುಳುಗಲ್ಲಿನ ಏರು, ಏರಿನ ತುದಿಯಲ್ಲಿ ಒಂದಷ್ಟು ಮನೆಗಳು. ಅವುಗಳಲ್ಲೊಂದು ಷರಾ ಸಾಹೇಬರ ತಂಗಿಯದು. ಹೋದ ಸಲ ಅವಳಿಗೆ ಹೆರಿಗೆ ನೋವು ಬಂದಾಗ ಕುರ್ಚಿಗೆ ಎರಡು ಗಳ ಕಟ್ಟಿ, ಅದರಲ್ಲಿ ಕೂರಿಸಿ ಹೊತ್ತು ತಂದಿದ್ದರು. ಆಸ್ಪತ್ರೆಗೆ ಜೀವಂತ ತಲುಪಿದ್ದು ತಾಯಿ ಮಾತ್ರ. ಆ ಮಗುವಿನ ಸಾವನ್ನೇ ಕಾರಣವೆಂದು ತೋರಿಸಿ ಇಲಾಖೆ ಈ ಗಾಡಿಯನ್ನು ಕೊಂಡಿತ್ತು. ಕೊಂಡ ದಿನದಿಂದ ಅದು ನಿರ್ದೇಶಕರ ಶ್ರೀಮತಿಯವರನ್ನು ಈಜುಕೊಳಕ್ಕೂ ಅವರ ನಾಯಿಯನ್ನು ಕ್ಷೌರಕ್ಕೂ ಕರೆದೊಯ್ಯುತ್ತಿತ್ತು. ಅಲ್ಲಿಗೆ ಟಾರು ರಸ್ತೆ ಇದ್ದದ್ದರಿಂದ ನಿಯಮದ ಉಲ್ಲಂಘನೆಯೇನೂ ಆಗಲಿಲ್ಲ.

ತಂಗಿಗೆ ಈಗ ಮತ್ತೆ ದಿನ ತುಂಬಿತ್ತು. ಫೋನ್ ಮಾಡಿದಾಗಲೆಲ್ಲ ಅವಳದು ಒಂದೇ ಮಾತು.

"ಅಣ್ಣಾ, ಗಾಡಿ ಬಂತಂತಲ್ಲ. ಈ ಸಲ ಭಯ ಇಲ್ಲ ಅಲ್ವಾ?"

"ಭಯ ಯಾಕೆ? ಪರೀಕ್ಷೆ ಒಂದು ಮುಗೀಲಿ."

"ಪರೀಕ್ಷೆ ಮಾಡೋನು ನೀನೇ ತಾನೇ? ಬೇಗ ಮುಗಿಸೋ."

"ನಾನೇ ಅಂತ ಬೇಗ ಮುಗಿಸಿದ್ರೆ ನಾಳೆ ಜನ ಏನಂತಾರೆ?" ಎಂದು ಷರಾ ಸಾಹೇಬರು ಕೇಳಿದರು. ಇಲಾಖೆಯಲ್ಲಿ ಕೆಲಸ ಮಾಡದವರಿಗೆ ಇಂಥ ಪ್ರಶ್ನೆಗಳು ಅರ್ಥವಾಗುವುದು ಕಷ್ಟ.

ಪರೀಕ್ಷೆ ತಡವಾದದ್ದಕ್ಕೆ ಯಾರ ಸೋಮಾರಿತನವೂ ಕಾರಣವಲ್ಲ. ಬ್ಯಾಟರಿಯಿಂದ ಓಡುವುದೆಲ್ಲ ವಿದ್ಯುತ್ ಶಾಖೆಗೆ, ಪೆಟ್ರೋಲಿನಿಂದ ಓಡುವುದೆಲ್ಲ ಇಂಧನ ಶಾಖೆಗೆ ಸೇರಿದ್ದು. ಗಾಡಿ ಎರಡರಿಂದಲೂ ಓಡುವುದರಿಂದ ಎರಡೂ ಶಾಖೆಗಳು ಅದು ತಮ್ಮದೆಂದವು. ತೊಳೆಯುವ ಕೆಲಸ ಬಂದಾಗ ಮಾತ್ರ ಎರಡೂ ತಮ್ಮದಲ್ಲವೆಂದವು. ಕೊನೆಗೆ ಷರಾ ಸಾಹೇಬರು ಇಬ್ಬರಿಗೂ ನೋವಾಗದಂತೆ ಹೀಗೊಂದು ನಿಯಮ ಮಾಡಿದರು: 'ವಾಹನವು ಬ್ಯಾಟರಿಯಲ್ಲಿ ಚಲಿಸುವಾಗ ವಿದ್ಯುತ್ ಶಾಖೆಯ ಚಾಲಕನೂ, ಪೆಟ್ರೋಲಿನಲ್ಲಿ ಚಲಿಸುವಾಗ ಇಂಧನ ಶಾಖೆಯ ಚಾಲಕನೂ ನಡೆಸತಕ್ಕದ್ದು. ಶಕ್ತಿ ಬದಲಾದ ಕೂಡಲೇ ವಾಹನ ನಿಲ್ಲಿಸಿ ಚಾಲಕರು ಆಸನ ಬದಲಾಯಿಸತಕ್ಕದ್ದು. ನಿರ್ದೇಶಕರ ಕುಟುಂಬ ಪ್ರಯಾಣಿಸುವಾಗ ಈ ನಿಯಮ ಅನ್ವಯಿಸುವುದಿಲ್ಲ.'

ಇನ್ನುಳಿದದ್ದು ಪರೀಕ್ಷೆಯ ಜಾಗ. ಪ್ರಮಾಣಪತ್ರವಿಲ್ಲದೆ ಗಾಡಿ ಗುಡ್ಡಕ್ಕೆ ಹೋಗುವಂತಿಲ್ಲವಾದ್ದರಿಂದ ಗುಡ್ಡವನ್ನೇ ಕಛೇರಿಯ ಹಿತ್ತಲಿಗೆ ತರಿಸುವುದೆಂದು ತೀರ್ಮಾನವಾಯಿತು. ಕೆಟ್ಟ ದಾರಿ ಮಾಡಿಕೊಡಲು ಟೆಂಡರ್ ಕರೆದಾಗ ಊರಿನ ಗುತ್ತಿಗೆದಾರರೆಲ್ಲ ತಮ್ಮ ಅನುಭವದ ದಾಖಲೆ ಹಿಡಿದು ಮುಗಿಬಿದ್ದರು. ಊರಿನ ಮುಖ್ಯ ರಸ್ತೆ ಮಾಡಿದವನಿಗೇ ಕೆಲಸ ಸಿಕ್ಕಿತು, ಅವನ ಅನುಭವವನ್ನು ಎಲ್ಲರೂ ದಿನಾ ಕಣ್ಣಾರೆ ಕಾಣುತ್ತಿದ್ದರು. ಆದರೆ ಈ ಸಲ ಅವನು ಯಾಕೋ ಮನಸ್ಸಿಟ್ಟು ಕೆಲಸ ಮಾಡಿದ. ದಿಬ್ಬಕ್ಕೆ ಹಾಕಿದ ಕಲ್ಲುಗಳು ಟಯರಿಗೆ ಚುಚ್ಚಬಾರದೆಂದು ಮೊನೆ ಉಜ್ಜಿಸಿದ, ಮೇಲೆ ಹುಲ್ಲು ಬೆಳೆಸಿದ.

ಪರೀಕ್ಷೆಯ ದಿನ ಎರಡೂ ಶಾಖೆಯವರು ಕುರ್ಚಿ ಹಾಕಿಕೊಂಡು ಕೂತರು. ಗಾಡಿ ಬ್ಯಾಟರಿಯಲ್ಲಿ ಸದ್ದಿಲ್ಲದೆ ದಿಬ್ಬದ ಬುಡಕ್ಕೆ ಬಂತು. ಏರು ತಗುಲಿದ್ದೇ ತಡ, ಎಂಜಿನ್ ಗುರ್ ಎಂದಿತು. ಬ್ಯಾಟರಿ ಚಾಲಕ ನಿಯಮದಂತೆ ಗಾಡಿ ನಿಲ್ಲಿಸಿ ಇಳಿದ. ಪೆಟ್ರೋಲ್ ಚಾಲಕ ಸುತ್ತಿ ಬಂದು ಸ್ಟೀರಿಂಗ್ ಹಿಡಿದ. ಅಷ್ಟರಲ್ಲಿ, ನಿಂತ ಗಾಡಿಗೆ ಎಂಜಿನ್ ಯಾಕೆಂದು ಅದು ಆರಿಹೋಯಿತು. ಎಂಜಿನ್ ಆರಿದರೆ ಅದು ಬ್ಯಾಟರಿ ಗಾಡಿ. ಪೆಟ್ರೋಲ್ ಚಾಲಕ ಇಳಿದ, ಬ್ಯಾಟರಿ ಚಾಲಕ ಹತ್ತಿದ, ಗಾಡಿ ಮೊಳದಷ್ಟು ಮುಂದೆ ಹೋಗಿ ಮತ್ತೆ ಗುರ್ ಎಂದಿತು. ಊಟದ ಹೊತ್ತಿಗೆ ಇಬ್ಬರೂ ಚಾಲಕರು ಬೆವರಿನಲ್ಲಿ ನೆಂದಿದ್ದರು. ಗಾಡಿ ಮಾತ್ರ ತಣ್ಣಗಿತ್ತು.

"ಏನ್ರೀ, ಹತ್ತುತ್ತೋ ಇಲ್ವೋ?" ನಿರ್ದೇಶಕರು ಕೇಳಿದರು. "ಸಂಜೆ ನಾಯಿಗೆ ಅಪಾಯಿಂಟ್‌ಮೆಂಟ್ ಇದೆ."

"ಗಾಡಿಯಲ್ಲಿ ದೋಷ ಕಾಣಿಸ್ತಿಲ್ಲ ಸಾರ್. ನಿಯಮದಲ್ಲಂತೂ ಇಲ್ಲ."

"ಹಾಗಾದ್ರೆ?"

"ದಿಬ್ಬದ್ದೇ ತಪ್ಪು ಅನ್ಸುತ್ತೆ ಸಾರ್."

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅವಳಿಗೆ ಇಲಾಖೆಯ ಬೆಂಬಲವಿರಲಿಲ್ಲ, ಪಾಪ. ಇಲ್ಲಿ ಷರಾ ಸಾಹೇಬರು 'ವಾಹನ ಯೋಗ್ಯ, ದಿಬ್ಬ ಅಯೋಗ್ಯ' ಎಂದು ಬರೆದ ಮರುದಿನವೇ ದಿಬ್ಬವನ್ನು ಸಮ ಮಾಡಲಾಯಿತು. ಸಮನಾದ ದಿಬ್ಬವನ್ನು ಗಾಡಿ ಬ್ಯಾಟರಿಯಲ್ಲೇ ಹತ್ತಿ ಇಳಿಯಿತು. ಚಪ್ಪಾಳೆಯಾಯಿತು. ರಸ್ತೆಯಿಲ್ಲದ ಕಡೆಗೆ ಯೋಗ್ಯವೆಂಬ ಪ್ರಮಾಣಪತ್ರವನ್ನು ಗಾಡಿಯ ಗಾಜಿಗೆ ಅಂಟಿಸಿದರು.

ಪತ್ರದ ಅಂಟು ಒಣಗುವ ಮೊದಲೇ ಭಾವನ ಫೋನ್ ಬಂತು. ತಂಗಿಯ ಗಂಡ ಮಾತು ಕಡಿಮೆಯ ಮನುಷ್ಯ.

"ಭಾವ, ನೋವು ಶುರುವಾಗಿದೆ. ಗಾಡಿ ಕಳ್ಸಿ."

ಹೋದ ಸಲ ಬಟ್ಟೆಯಲ್ಲಿ ಸುತ್ತಿದ್ದ ಆ ಕೂಸನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಎತ್ತಿಕೊಂಡು ನಿಂತವರು ಷರಾ ಸಾಹೇಬರೇ. ಮೇಲಿನವರ ಅಪ್ಪಣೆಗೆ ಕಾಯದೆ ನಿರ್ದೇಶಕರ ಕೋಣೆಗೆ ನುಗ್ಗಿದರು. ಅವರ ಸೇವೆಯಲ್ಲಿ ಇದೊಂದೇ ಶಿಸ್ತುಭಂಗ. ನಿರ್ದೇಶಕರು ಉದಾರಿಗಳು, ನಾಯಿಯ ಅಂದಿನ ಅಪಾಯಿಂಟ್‌ಮೆಂಟ್ ಮುಂದೂಡಿಸಿದರು.

"ತಗೊಂಡ್ಹೋಗಿ. ಆದ್ರೆ ಗೀರು ಬೀಳಬಾರದು. ಬಿದ್ರೆ ವಿಚಾರಣೆ ಮಾಡ್ಬೇಕಾಗುತ್ತೆ."

"ವಿಚಾರಣಾಧಿಕಾರಿ ಯಾರು ಸಾರ್?"

"ನೀವೇ ಅಲ್ವೇನ್ರೀ?"

ಕಲ್ಲುಗಣಿಯವರೆಗೆ ಗಾಡಿ ಸಲೀಸಾಗಿ ಹೋಯಿತು. ಟಾರು ಮುಗಿದ ಅಂಚಿನಲ್ಲಿ ನಿಂತಿತು. ಮುಂದೆ ಹಳ್ಳ, ಅದರಾಚೆ ಏರು.

"ನೀರಿದೆ ಸಾರ್, ಬ್ಯಾಟರಿಗೆ ನೀರು ಆಗಲ್ಲ," ಎಂದ ಬ್ಯಾಟರಿ ಚಾಲಕ. "ಇವನು ದಾಟಿಸಲಿ."

"ಇಳಿಜಾರು ಅದು, ಎಂಜಿನ್ ಏಳೋದೇ ಇಲ್ಲ. ನಂದಲ್ಲ," ಎಂದ ಪೆಟ್ರೋಲ್ ಚಾಲಕ. "ಆಚೆ ಏರು ಇದೆಯಲ್ಲ, ಅದು ನಂದು. ಅಲ್ಲೀವರೆಗೆ ಇವನು ತಂದುಕೊಡ್ಲಿ, ನಾನು ರೆಡಿ."

ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಎಂಬ ಗಾದೆಯನ್ನು ಹೇಳುವಂತೆಯೂ ಇರಲಿಲ್ಲ, ಇಲ್ಲಿ ಕೋಣ ನೀರಿಗೂ ಇಳಿಯಲೊಲ್ಲದು. ಷರಾ ಸಾಹೇಬರಿಗೂ ಗಾಡಿ ಓಡಿಸಲು ಬರುತ್ತಿತ್ತು. ಕೀಲಿ ಅವರ ಕೈಯಲ್ಲೇ ಇತ್ತು. ಹಳ್ಳದ ನೀರು ಕೋಳಿಮರಿ ದಾಟುವಷ್ಟು. ಅವರು ಸ್ಟೀರಿಂಗ್ ಹಿಂದೆ ಕೂತೂ ಬಿಟ್ಟರು. ಆಗ ಗಾಡಿಯ ಹೊಟ್ಟೆಗೆ ತಾಗಬಹುದಾದ ಒಂದು ಕಲ್ಲು ಕಣ್ಣಿಗೆ ಬಿತ್ತು. ಗೀರು ಬಿದ್ದರೆ ತನ್ನ ಮೇಲೆ ತಾನೇ ಎಂಥ ಷರಾ ಬರೆಯಬೇಕಾದೀತೆಂದು ನೆನೆದು ಕೀಲಿಯನ್ನು ಜೇಬಿಗೆ ಹಾಕಿದರು. ತಂಗಿಯ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಅದನ್ನು ಯಾವ ಕಲಮಿನ ಕೆಳಗೆ ತರಬೇಕೆಂದು ತಿಳಿಯಲಿಲ್ಲ, ಅಷ್ಟೆ. ಅವರು ಇಳಿದು ಫೋನ್ ತೆಗೆದರು.

"ಭಾವ, ಹೊತ್ತುಕೊಂಡೇ ಬಂದ್ಬಿಡಿ."

"ಹೋದ ಸಲದ ಹಾಗೇನಾ?"

"ಹೋದ ಸಲ ಗಾಡಿ ಇರ್ಲಿಲ್ಲ. ಈ ಸಲ ಇಲ್ಲೇ ನಿಂತಿದೆಯಲ್ಲ."

ಭಾವನೂ ಅಕ್ಕಪಕ್ಕದ ಮನೆಯ ಮೂವರೂ ಅದೇ ಹಳೆಯ ಕುರ್ಚಿಗೆ ಅದೇ ಗಳ ಕಟ್ಟಿ ಏರು ಇಳಿದರು. ಹಳ್ಳದ ನಡುವೆ ಬರುವಾಗ ತಂಗಿಗೆ ತಡೆಯಲಾಗಲಿಲ್ಲ. ಜೊತೆಗೆ ಬಂದಿದ್ದ ಅತ್ತೆ ಸೀರೆಯನ್ನು ಮರೆಯಾಗಿ ಕಟ್ಟಿ, ಚಪ್ಪಟೆ ಬಂಡೆಯೊಂದರ ಮೇಲೆ ಹೆರಿಗೆ ಮಾಡಿಸಿದರು. ಷರಾ ಸಾಹೇಬರು ಗಾಡಿಯ ಪಕ್ಕದಲ್ಲಿ ಬೆನ್ನು ತಿರುಗಿಸಿ ನಿಂತು, ಯಾವ ದೇವರಿಗೆ ಅರ್ಜಿ ಹಾಕಬೇಕೆಂದು ತೋಚದೆ ಎಲ್ಲ ದೇವರಿಗೂ ಹಾಕುತ್ತಿದ್ದರು. ಕೂಸು ಅತ್ತಿತು. ಅವರೂ ಅತ್ತರು. ಗಾಡಿಯ ಎ.ಸಿ. ಮೊದಲಿನಿಂದಲೂ ಚಾಲೂ ಇತ್ತು.

ಸೀಟಿನ ಪ್ಲಾಸ್ಟಿಕ್ ತೆಗೆಯದೆ ತಾಯಿ ಮಗುವನ್ನು ಮಲಗಿಸಿದರು. ತಂಗಿ ಗಾಜಿನ ಮೇಲಿನ ಪತ್ರವನ್ನು ಹಿಂದಿನಿಂದ ನೋಡುತ್ತಾ ಕೇಳಿದಳು, "ಅಣ್ಣಾ, ಇದು ಗುಡ್ಡ ಹತ್ತುತ್ತಾ?"

"ಹತ್ತುತ್ತೆ ಅಂತ ಬರೆದಿದೆ."

"ಬರೆದೋನು ಯಾರು?"

ಷರಾ ಸಾಹೇಬರು ಮಗುವಿನ ಕಾಲು ಮುಚ್ಚಿದರು.

ಮಾರನೆಯ ದಿನ ನಿರ್ದೇಶಕರು ವರದಿ ಕೇಳಿದರು. ಗಾಡಿ ಗುಡ್ಡ ಹತ್ತಲಿಲ್ಲವೆಂದು ಬರೆದರೆ ಪ್ರಮಾಣಪತ್ರ ಸುಳ್ಳು, ಹತ್ತಿತೆಂದು ಬರೆದರೆ ವರದಿ ಸುಳ್ಳು. ಷರಾ ಸಾಹೇಬರು ಸುಳ್ಳು ಬರೆಯುವವರಲ್ಲ. ತುಂಬಾ ಹೊತ್ತು ಪೆನ್ನು ಕಚ್ಚಿ ಹೀಗೆ ಬರೆದರು: 'ಒಂದಕ್ಕಿಂತ ಹೆಚ್ಚು ಶಕ್ತಿಯಿಂದ ಚಲಿಸುವುದೇ ಹೈಬ್ರಿಡ್ ವಾಹನ. ಸದರಿ ವಾಹನಕ್ಕೆ ಮೂರು ಶಕ್ತಿಗಳಿರುವುದು ಪ್ರಯೋಗದಿಂದ ತಿಳಿದುಬಂದಿದೆ. ಸಮತಟ್ಟಿನಲ್ಲಿ ಬ್ಯಾಟರಿ, ಟಾರಿನ ಏರಿನಲ್ಲಿ ಪೆಟ್ರೋಲ್, ರಸ್ತೆಯಿಲ್ಲದ ಕಡೆ ಹೆಗಲು. ಮೂರನೆಯ ಶಕ್ತಿಯಲ್ಲಿ ಚಲಿಸುವಾಗ ವಾಹನದ ಮುಖ್ಯ ಭಾಗವು ಟಾರಿನ ಮೇಲೆಯೇ ಉಳಿಯುವುದರಿಂದ ಗೀರು ಬೀಳುವ ಸಂಭವವಿಲ್ಲ. ಆದ್ದರಿಂದ ಯೋಗ್ಯ.'

ನಿರ್ದೇಶಕರು ಎದ್ದು ಬಂದು ಕೈ ಕುಲುಕಿದರು. ಭಾವ ಮತ್ತು ಆ ಮೂವರನ್ನು ವಾಹನದ ಬಿಡಿಭಾಗಗಳೆಂದು ಘೋಷಿಸಿ ಆದೇಶ ಹೊರಟಿತು. ಬಿಡಿಭಾಗಗಳು ಮಳೆಯಲ್ಲಿ ನೆನೆಯತಕ್ಕದ್ದಲ್ಲ, ಅನುಮತಿಯಿಲ್ಲದೆ ಬೇರೆಯವರನ್ನು ಹೊರತಕ್ಕದ್ದಲ್ಲ, ಗಾಡಿಯ ಸರ್ವಿಸ್ ದಿನ ತಪ್ಪದೆ ವರ್ಕ್‌ಶಾಪಿನಲ್ಲಿ ಹಾಜರಿರತಕ್ಕದ್ದು. ಅವರು ಯಾವ ಶಾಖೆಗೆ ಸೇರಿದವರೆಂಬ ಜಗಳ ಎರಡೂ ಶಾಖೆಗಳ ನಡುವೆ ನಡೆಯಿತಾದರೂ, ಬಿಡಿಭಾಗಗಳಿಗೆ ಸಂಬಳವಿಲ್ಲವೆಂದು ತಿಳಿದ ಮೇಲೆ ತಣ್ಣಗಾಯಿತು.

ಗುಡ್ಡದ ಮೇಲಿನವರು ಮೊದಲು ನಕ್ಕರು, ಆಮೇಲೆ ಒಗ್ಗಿಕೊಂಡರು. ಈಗ ಯಾರಿಗಾದರೂ ಜ್ವರ ಬಂದರೆ "ಗಾಡಿ ಹೇಳಿ" ಎನ್ನುತ್ತಾರೆ, ನಾಲ್ವರು ಗಳ ಹಿಡಿದು ಬರುತ್ತಾರೆ. ಸರ್ವಿಸ್ ದಿನ ಮೆಕ್ಯಾನಿಕ್ ಅವರ ಮಂಡಿ ತಟ್ಟಿ ನೋಡುತ್ತಾನೆ.

"ಭಾವ, ಹಿಂದಿನ ಬಲಗಡೆಯವನಿಗೆ ಸೊಂಟ ಹಿಡಿದಿದೆ. ಗ್ಯಾರಂಟಿ ಏನಾದ್ರೂ ಉಂಟಾ?" ಎಂದು ಭಾವ ಒಮ್ಮೆ ಗಂಭೀರವಾಗಿ ಕೇಳಿದ.

"ಗ್ಯಾರಂಟಿ ಬ್ಯಾಟರಿಗೆ ಮಾತ್ರ," ಎಂದರು ಷರಾ ಸಾಹೇಬರು, ಅಷ್ಟೇ ಗಂಭೀರವಾಗಿ.

ಗೀರಿಲ್ಲದೆ ಅತಿ ಹೆಚ್ಚು ಸಲ ಗುಡ್ಡ ಹತ್ತಿದ್ದಕ್ಕೆ ಗಾಡಿಗೆ ಪ್ರಶಸ್ತಿ ಬಂತು. ಸಮಾರಂಭಕ್ಕೆ ಭಾವ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. ಅದಕ್ಕೆ ಆಗಷ್ಟೇ ಮಾತು ಬಂದಿತ್ತು. ಹೂವಿನ ಹಾರ ಹಾಕಿದ ಬಿಳಿ ಗಾಡಿಯ ಮುಂದೆ ನಿಂತ ಷರಾ ಸಾಹೇಬರು ಮಗುವಿನ ಕೆನ್ನೆ ಹಿಂಡಿ ಕೇಳಿದರು, "ಎಲ್ಲಿ ಪುಟ್ಟಾ, ಮಾವನ ಗಾಡಿ ತೋರ್ಸು?"

ಮಗು ಬಿಳಿ ಗಾಡಿಯ ಕಡೆ ತಿರುಗಿಯೂ ನೋಡಲಿಲ್ಲ. ಕೈ ಕೆಳಗೆ ಮಾಡಿ ಅಪ್ಪನ ಹೆಗಲು ತಟ್ಟಿತು.

ನೆರೆದವರೆಲ್ಲ ಮಗು ಎಷ್ಟು ಚೂಟಿಯೆಂದು ಹೊಗಳಿದರು. ತಂಗಿ ಅಣ್ಣನ ಮುಖ ನೋಡಿದಳು. ಷರಾ ಸಾಹೇಬರು ಕನ್ನಡಕ ಏರಿಸಿ, ಜೇಬಿನಿಂದ ಪೆನ್ನು ತೆಗೆದು, ಕೈಗೆ ಸಿಕ್ಕ ಆಹ್ವಾನಪತ್ರಿಕೆಯ ಹಿಂದೆ ಬರೆದರು: 'ಪರಿಶೀಲಿಸಲಾಗಿದೆ. ಸರಿಯಾಗಿದೆ.'